ಘೋಣಸಗಿ ರಾಚವ್ವನ ಮಂಗಳವಾರಗಳು

ರಾಚವ್ವನಿಗೆ ಸುಮ್ಮನೆ ಕೂಡುವುದು ಗೊತ್ತಿರಲಿಲ್ಲ. ಅದು ಅವಳ ಗುಣವೋ ಅವಗುಣವೋ ಎಂಬುದು ಘೋಣಸಗಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮದುವೆ ಮನೆಯಲ್ಲಿ ಕೂತರೂ ಅವಳ ಮಡಿಲಲ್ಲಿ ಒಂದು ಹಿಡಿ ಕುರಿಯುಣ್ಣೆ ಇರುತ್ತಿತ್ತು, ಸಾವಿನ ಮನೆಯಲ್ಲಿ ಕೂತರೂ ಇರುತ್ತಿತ್ತು. ಅಳುವವರ ನಡುವೆ ತಾನೂ ಅತ್ತು, ಉಣ್ಣೆಯೊಳಗಿನ ಮುಳ್ಳು ಆರಿಸಿ, ಮೂಗು ಸೆರಗಿಗೆ ಒರೆಸಿಕೊಂಡು ಮತ್ತೆ ಆರಿಸುವಳು. ಇಂಥ ಹೆಂಗಸು ವಿಜಾಪುರದಂಥ ಶಹರಕ್ಕೆ ಹೋಗಿ, ಓದಿದ ಡಾಕ್ಟರಿಗೆ ಸಾಧ್ಯವಾಗದ ಕೆಲಸವನ್ನು ಮಾಡಿ ತೋರಿಸಿದಳು ಅಂದರೆ ನಂಬದವರಿದ್ದಾರೆ. ನಂಬದಿರಲಿ. ಊರ ಬಾಯಿಗೆ ಮುಚ್ಚಳ ಹಾಕಲಿಕ್ಕೆ ಆಗುತ್ತದೆಯೇ?

ಧೂಳಪ್ಪನಿಗೆ ಇಬ್ಬರೇ ಮಕ್ಕಳು. ದೊಡ್ಡವಳು ರಾಚವ್ವ, ಅವಳಿಗಿಂತ ಹನ್ನೊಂದು ವರ್ಷ ಸಣ್ಣವನು ಅಮಸಿದ್ದ. ತಾಯಿ ಹೊಳೆವ್ವ ತೀರಿಕೊಂಡಾಗ ಅಮಸಿದ್ದ ಇನ್ನೂ ಅಂಬೆಗಾಲಿಡುವ ಕೂಸು. ಬೆಳೆಸಿದವಳು ಅಕ್ಕ. ಅವಳಿಗೆ ಮದುವೆಯೂ ಅದೇ ಊರಲ್ಲೇ ಆಯಿತು. ಗಂಡನ ಮನೆ ನಾಲ್ಕು ಮನೆ ಆಚೆ. ಆ ಗಂಡ ಎಪ್ಪತ್ಮೂರರಲ್ಲಿ ಸೊಲ್ಲಾಪುರದ ಗಿರಣಿ ಕೆಲಸಕ್ಕೆಂದು ಹೋದ. ಎರಡು ಕಾಗದ ಬಂದವು, ಆಮೇಲೆ ಅವೂ ನಿಂತವು. ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಕಂಬಳಿ ಮಾರಲು ಹೋಗಿ ಬಂದವರು ಪಿಸುಗುಟ್ಟಿದರು. ರಾಚವ್ವ ಕೇಳಿಸದವಳಂತೆ ಇದ್ದಳು. ಕೇಳಿಸದಂತೆ ಇರುವುದೂ ಒಂದು ದುಡಿಮೆಯೇ, ಅದು ಮಾಡಿದವರಿಗೆ ಗೊತ್ತು.

ಎಪ್ಪತ್ತನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ಅಮಸಿದ್ದನಿಗೆ ಇಪ್ಪತ್ತು ತುಂಬಿತ್ತು. ಕುರಿ ಕಾಯುವುದರಲ್ಲಿ ಗಟ್ಟಿಗ, ಮಾತಿನಲ್ಲಿ ಜಿಪುಣ, ಯಾರಿಗೂ ಇಲ್ಲ ಅನ್ನಲಾರದ ಹುಡುಗ. ಒಂದು ದಿನ ಕುರಿಗಳನ್ನು ಅಡವಿಯಲ್ಲೇ ಬಿಟ್ಟು ಬಂದು ಮೂಲೆ ಸೇರಿದ. ಉಣ್ಣಲಿಲ್ಲ. ಗೋಡೆಗೆ ಕಿವಿ ಹಚ್ಚಿ ಕೂತ. ತುಟಿ ಅಲ್ಲಾಡುತ್ತಿದ್ದವು, ನಡುನಡುವೆ ಬೆಚ್ಚಿ ಬೀಳುತ್ತಿದ್ದ.

“ಯಾರ ಜೋಡಿ ಮಾತಾಡಾಕತ್ತೀಯೋ ತಮ್ಮಾ?” ಎಂದು ರಾಚವ್ವ ಕೇಳಿದರೆ, “ನಾ ಅಲ್ಲ, ಅವ್ರ ಮಾತಾಡಾಕತ್ತಾರ. ನಾ ಕೇಳಾಕತ್ತೇನಿ” ಅಂದ.

ಬೇರೆಯವರಾಗಿದ್ದರೆ ದೆವ್ವ ಬಡಿದಿದೆ ಎಂದು ಬೇವಿನ ತೊಪ್ಪಲು ತರುತ್ತಿದ್ದರು. ಇವರು ಹಾಲುಮತದ ಕುರುಬರು, ಸಿದ್ಧ ದೇವರ ಒಕ್ಕಲು. ಪೂಜಾರಿಯ ಮೈಮೇಲೆ ದೇವರು ಬಂದು ಹೇಳಿಕೆ ಆಗುವುದನ್ನು, ಮಳೆಬೆಳೆ ನುಡಿಯುವುದನ್ನು ಹುಟ್ಟಿದಾಗಿನಿಂದ ಕಂಡವರು. ಯಾರಿಗೂ ಕೇಳದ ಮಾತು ಒಬ್ಬ ಹುಡುಗನಿಗೆ ಕೇಳುತ್ತಿದೆ ಅಂದರೆ ಇವರಿಗೆ ಇನ್ನೇನು ತೋಚೀತು? ಅವನ ಮುಂದೆ ಮೊದಲ ತೆಂಗಿನಕಾಯಿ ಒಡೆದವಳು ರಾಚವ್ವನೇ. ಇದನ್ನು ಮುಚ್ಚಿಟ್ಟು ಅವಳನ್ನು ಹೊಗಳಿದರೆ ಅವಳೇ ಒಪ್ಪುವವಳಲ್ಲ. ತಾನು ಎತ್ತಿ ಆಡಿಸಿದ ತಮ್ಮನ ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಕೈ ಮುಗಿದು, “ಯಪ್ಪಾ, ನನ್ನ ಗಂಡ ತಿರುಗಿ ಬರತಾನೇನು?” ಎಂದು ಕೇಳಿದಳು. ಕೇಳುತ್ತ ಅವಳ ಕಣ್ಣಲ್ಲಿ ನೀರು.

ಅಮಸಿದ್ದ ಗೋಡೆಯಿಂದ ತಿರುಗಿ ಅವಳ ಮುಖ ನೋಡಿದ. “ಬರತಾನ. ಜ್ವಾಳದ ಸುಗ್ಗಿಗಿ ಬರತಾನ” ಅಂದ. ಯಾವ ಸುಗ್ಗಿ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮರುದಿನದಿಂದ ಜನವೋ ಜನ. ಕಳೆದ ಎಮ್ಮೆ ಎಲ್ಲಿದೆ, ಸೊಸೆಗೆ ಮಕ್ಕಳಾಗುತ್ತವೆಯೋ ಇಲ್ಲವೋ, ಬಾವಿ ಎಲ್ಲಿ ತೋಡಬೇಕು. ತಿಕೋಟಾದಿಂದ ಬಂದರು, ಬಬಲೇಶ್ವರದಿಂದ ಬಂಡಿ ಕಟ್ಟಿಕೊಂಡು ಬಂದರು. ಧೂಳಪ್ಪ ಮಗನ ಮಗ್ಗುಲಿಗೆ ಹೊಸ ರುಮಾಲು ಸುತ್ತಿಕೊಂಡು ಕೂಡತೊಡಗಿದ. ನಿನ್ನೆಯವರೆಗೆ ಕುರಿ ಕಾಯುತ್ತಿದ್ದವನಿಗೆ ಇಂದು ಊರ ಗೌಡ ನಮಸ್ಕಾರ ಹೇಳಿದರೆ ತಲೆ ನೆಟ್ಟಗಿರುವುದು ಕಷ್ಟ. ಹುಡುಗ ಮಾತ್ರ ದಿನದಿನಕ್ಕೆ ಸೊರಗಿದ. ಭವಿಷ್ಯ ಕೇಳಲು ನೂರು ಮಂದಿ ಬಂದರು. ನೀ ಹೆಂಗಿದ್ದೀ ಎಂದು ಕೇಳಿದವರು ಒಬ್ಬರೂ ಇಲ್ಲ.

ಇದನ್ನು ತಡೆದವನು ಯಾರೆಂದು ತಿಳಿದಿರಿ? ಗುಡಿಯ ಹಳೆಯ ಪೂಜಾರಿ ಅಮೋಘಿ. ಎಂಬತ್ತರ ಮುದುಕ. ತನ್ನ ಗಿರಾಕಿ ಕಿತ್ತುಕೊಂಡ ಹುಡುಗನ ಮೇಲೆ ಅವನಿಗೆ ಹೊಟ್ಟೆಕಿಚ್ಚು ಎಂದು ಜನ ಅಂದುಕೊಂಡಿದ್ದರು. ಅಮೋಘಿ ಒಂದು ಮುಂಜಾನೆ ಬಂದು ಅಮಸಿದ್ದನ ಪಕ್ಕದಲ್ಲಿ ಕೂತು, ಮಧ್ಯಾಹ್ನದವರೆಗೆ ಏನೂ ಕೇಳದೆ ಬರೀ ನೋಡಿದ. ಆಮೇಲೆ ರಾಚವ್ವನನ್ನು ಕುರಿಹಟ್ಟಿಯ ಹಿಂದೆ ಕರೆದ.

“ಬೇ ರಾಚವ್ವಾ, ಐವತ್ತ ವರ್ಷ ಆತು, ನನ್ನ ಮೈಮ್ಯಾಲ ದೇವರು ಬರಾಕತ್ತು. ಬರತಾನ, ಹೇಳತಾನ, ಇಳದ ಹೋಗತಾನ. ಹೋದಮ್ಯಾಲ ನಾ ರೊಟ್ಟಿ ಉಣ್ಣತೇನಿ, ಮಲಗತೇನಿ. ಈ ಹುಡುಗಗ ಬಂದದ್ದು ಇಳಿಯಾಕ ಒಲ್ಲದು. ಮಗ್ಗಲದಾಗ ಕುಂತು ನೋಡೇನಿ, ಹುಡುಗ ಅಂಜ್ಯಾನ. ದೇವರು ಹಿಂಗ ಅಂಜಸಾಂವ ಅಲ್ಲ. ಇದು ಬ್ಯಾನಿ. ದವಾಖಾನಿಗಿ ಒಯ್ಯಿ.”

ರಾಚವ್ವನಿಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಹೆತ್ತ ತಾಯಿಯ ಜಾಗದಲ್ಲಿದ್ದವಳು ತಾನು. ಕೂಸಿಗೆ ಜ್ವರ ಬಂದರೆ ತಿಳಿಯುತ್ತಿದ್ದವಳಿಗೆ ಇದು ತಿಳಿಯಲಿಲ್ಲ. ಧೂಳಪ್ಪ ಗುಡುಗಿದ. ಆದರೆ ಹೇಳಿದವನು ಪೂಜಾರಿ, ಅವನ ಮಾತು ಮೀರಲು ಧೈರ್ಯ ಸಾಲಲಿಲ್ಲ.

ವಿಜಾಪುರದ ಜಲನಗರದಲ್ಲಿ ಆಗ ಎರಡು ಕೋಣೆಯ ಒಂದು ಸಣ್ಣ ದವಾಖಾನೆ ಇತ್ತು. ಮೈಸೂರು ಕಡೆಯ ಒಬ್ಬ ತರುಣ ಡಾಕ್ಟರು ಪ್ರತಿ ಮಂಗಳವಾರ ಅಲ್ಲಿ ಮನಸ್ಸಿನ ಬೇನೆಯವರನ್ನು ನೋಡುತ್ತಿದ್ದರು. ರಾಚವ್ವ ತಮ್ಮನನ್ನು ಅಲ್ಲಿಗೆ ಕರೆದೊಯ್ದಳು, ಅವರು ಗುಳಿಗೆ ಕೊಟ್ಟರು. ಎಂಟು ದಿನಕ್ಕೆ ನಿದ್ದೆ ಬಂತು, ಹದಿನೈದು ದಿನಕ್ಕೆ ಅನ್ನ ಸೇರಿತು. ಕೈ ನಡುಗತೊಡಗಿದವು, ಅದಕ್ಕೊಂದು ಬೇರೆ ಸಣ್ಣ ಗುಳಿಗೆ. ಆದರೆ ಬಾಯಿ ಮಾತ್ರ ಬಿಡಲಿಲ್ಲ. ಏನು ಕೇಳಿಸುತ್ತದೆ ಎಂದು ಡಾಕ್ಟರು ಎಷ್ಟು ಕೇಳಿದರೂ ಅಮಸಿದ್ದ ನೆಲ ನೋಡುತ್ತಿದ್ದ.

ಡಾಕ್ಟರ ಹತ್ತಿರ ಅಂಥ ಆರೇಳು ಮಂದಿ ಇದ್ದರು, ಎಲ್ಲರೂ ಹದಿನೆಂಟರಿಂದ ಇಪ್ಪತ್ತೈದರೊಳಗಿನವರು, ಬೇನೆ ಹೊಸದಾಗಿ ಶುರುವಾದವರು. ಇವರನ್ನು ಒಟ್ಟಿಗೆ ಕೂಡಿಸಿ ಮಾತಾಡಿಸಿದರೆ, ಇಂಥದ್ದು ತನಗೊಬ್ಬನಿಗೇ ಆದದ್ದಲ್ಲ ಎಂದು ಪ್ರತಿಯೊಬ್ಬರಿಗೂ ತಿಳಿದರೆ, ಅರ್ಧ ಭಯ ಇಳಿಯುತ್ತದೆ ಎಂದು ಅವರು ಓದಿದ್ದರು. ಓದಿದ್ದು ಸುಳ್ಳಲ್ಲ. ಆದರೆ ಮಾಡಿದ್ದೇನು? ಕುರ್ಚಿಗಳನ್ನು ದುಂಡಗೆ ಹಾಕಿಸಿದರು. ಡಾಕ್ಟರ ಎದುರು ಕುರ್ಚಿಯಲ್ಲಿ ಕೂತು ಗೊತ್ತಿಲ್ಲದ ಹುಡುಗರು ತುದಿಯಲ್ಲಿ ಕೂತರು. “ನಿಮ್ಮ ನಿಮ್ಮ ಭಾವನೆಗಳನ್ನು ಹಂಚಿಕೊಳ್ಳಿ” ಅಂದರು ಡಾಕ್ಟರು. ಹಂಚಿಕೊಳ್ಳಲು ಅದೇನು ಪೇಢೆಯೇ? ಮೂರು ಮಂಗಳವಾರ ಆ ಕೋಣೆಯಲ್ಲಿ ಮಾತಾಡಿದ್ದು ತಲೆಯ ಮೇಲಿನ ಫ್ಯಾನು ಒಂದೇ.

ರಾಚವ್ವ ಹೊರಗೆ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತ ಕೂತಿರುತ್ತಿದ್ದಳು. ಘೋಣಸಗಿಯಿಂದ ತಿಕೋಟಾದವರೆಗೆ ಸಿಕ್ಕ ಬಂಡಿ, ಅಲ್ಲಿಂದ ಬಸ್ಸು. ಒಂದು ದಿನವೇ ಹೋಗುತ್ತಿತ್ತು, ಅದಕ್ಕೇ ಗಂಟು ಕಟ್ಟಿಕೊಂಡೇ ಬರುವಳು. ನಾಲ್ಕನೆಯ ಮಂಗಳವಾರ ಕಿಟಕಿಯಲ್ಲಿ ಕಣ್ಣಾಡಿಸಿದಳು. ಇಬ್ರಾಹಿಂಪುರದ ಮುಮತಾಜ ಎಂಬ ಹುಡುಗಿ, ಹೊಲಿಗೆ ಕಲಿಯುತ್ತಿದ್ದವಳು, ತನ್ನ ಓಢಣಿಯ ಅಂಚಿನ ದಾರ ಒಂದೊಂದೇ ಕೀಳುತ್ತ ಕೂತಿದ್ದಳು. ಒಳ್ಳೆಯ ಬಟ್ಟೆ ಹಾಳಾಗುವುದನ್ನು ರಾಚವ್ವನಿಂದ ನೋಡಲಾಗಲಿಲ್ಲ. ಇದರ ಹಿಂದೆ ದೊಡ್ಡ ವಿಚಾರ ಗಿಚಾರ ಏನೂ ಇರಲಿಲ್ಲ, ಸುಮ್ಮನೆ ಹೊಗಳಬಾರದು. ಬಾಗಿಲು ನೂಕಿ ಒಳಗೆ ಹೋದಳು.

“ಅದರ ದಾರಾ ಯಾಕ ಕೀಳತೀಯವ್ವಾ, ಹರದ ಹೋಗತೈತಿ. ತಗೋ, ಇದನ್ನ ಬಿಡಸು.”

ಕುರ್ಚಿ ಸರಿಸಿ, ಗೋಣಿತಟ್ಟು ಹಾಸಿ, ನಡುವೆ ಉಣ್ಣೆಯ ಗಂಟು ಸುರಿದಳು. ನರ್ಸು ನೀಲಾಬಾಯಿ ಓಡಿ ಬಂದರು. ಅವರು ಶಿಸ್ತಿನ ಹೆಂಗಸು. “ಇದು ದವಾಖಾನಿನೋ ಕುರಿದೊಡ್ಡಿನೋ? ಮೊದಲ ಹೊರಗ ಒಯ್ಯಿ” ಅಂದರು. ಡಾಕ್ಟರದೂ ದೊಡ್ಡ ಮನಸ್ಸು ಅನ್ನಬೇಕು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಕೂತು ಒಂದು ಹಿಡಿ ಉಣ್ಣೆ ತೆಗೆದುಕೊಂಡರು. ತೆಗೆದುಕೊಂಡದ್ದೇ ತಡ, ಬೆರಳಿಗೆ ಮುಳ್ಳು ಚುಚ್ಚಿತು. ಬಬಲೇಶ್ವರದ ಕಿರಾಣಿ ಅಂಗಡಿಯವರ ಮಗ ಬಸಗೊಂಡಪ್ಪ ಕಿಸಕ್ಕನೆ ನಕ್ಕ.

ಈ ಬಸಗೊಂಡಪ್ಪ ಬಿ.ಎ. ಓದುತ್ತಿದ್ದವನು. ತನ್ನ ಹಿಂದೆ ಯಾರೋ ಬಿದ್ದಿದ್ದಾರೆ, ತಾನು ಮಾಡಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ ಎಂಬ ದಿಗಿಲು ಅವನಿಗೆ. ಉಣ್ಣೆಯನ್ನು ತಿರುವಿ ಮುರುವಿ ನೋಡಿ, “ಇದರಾಗ ಯಾರೂ ಏನೂ ಇಟ್ಟಿಲ್ಲಲಾ?” ಎಂದು ಕೇಳಿದ.

“ಕುರಿ ಬಿಟ್ರ ಇದನ್ನ ಯಾರೂ ಮುಟ್ಟಿಲ್ಲಪಾ” ಅಂದಳು ರಾಚವ್ವ. “ಯಾಕ, ಯಾರ ಏನ ಇಡತಾರ?”

ಅವನು ಹೇಳಿದ. ಬಸ್ಸಿನ ಕಂಡಕ್ಟರು ಟಿಕೀಟಿನ ಹಿಂದೆ ತನ್ನ ಹೆಸರು ಬರೆಯುವುದು, ಸಂತೆಯಲ್ಲಿ ಇಬ್ಬರು ತನ್ನನ್ನು ನೋಡಿ ಕೆಮ್ಮಿದ್ದು. ರಾಚವ್ವ ಹೂಂಗುಟ್ಟುತ್ತ ಕೇಳಿದಳು. ಸುಳ್ಳು ಅನ್ನಲಿಲ್ಲ, ಖರೇ ಅನ್ನಲಿಲ್ಲ. “ಮುಂದ ಏನಾತು?” ಅಂದಳು, ಅಷ್ಟೇ. ಮುಂದೆ ಮುಮತಾಜ ಬಾಯಿ ಬಿಟ್ಟಳು: ಮನೆಯ ಹಿಂದಿನ ಹಳಿಯ ಮೇಲೆ ಹೋಗುವ ರೈಲು ತನ್ನ ಹೆಸರು ಹಿಡಿದು ಕರೆಯುತ್ತದೆ. ಬಸಗೊಂಡಪ್ಪ ಕೈಯಲ್ಲಿದ್ದ ಉಣ್ಣೆ ಕೆಳಗಿಟ್ಟು ಅವಳ ಮುಖ ನೋಡಿದ. “ನಿಮಗೂ ಹಂಗ ಆಕ್ಕೈತೇನ್ರಿ?” ಎಂದು ಕೇಳಿದ. ಡಾಕ್ಟರು ಮೂರು ವಾರ ಕಾದು ಕೂತದ್ದು ಇದೊಂದು ಮಾತಿಗೆ.

ಅಂದಿನಿಂದ ಮಂಗಳವಾರದ ಕೂಟಕ್ಕೆ ಡಾಕ್ಟರಷ್ಟೇ ರಾಚವ್ವನೂ ಬೇಕಾದವಳಾದಳು. ಅವಳ ನೇಮ ಎರಡೇ. ಯಾರು ಹೇಳಿದ್ದನ್ನೂ ಸುಳ್ಳು ಅಥವಾ ಖರೇ ಅನ್ನಬಾರದು, ಮುಂದೇನಾಯಿತು ಎಂದು ಕೇಳಬೇಕು. ಯಾರ ಕಿವಿಯಲ್ಲಿ ಕೇಳುವ ದನಿಗೂ ನಮ್ಮ ಪ್ರಶ್ನೆ ಕೇಳಬಾರದು. ಎರಡನೆಯದು ಎಲ್ಲಿಂದ ಬಂತು ಎಂದು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ಡಾಕ್ಟರು ಇದನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಂಡು ಓದಿ ತೋರಿಸಿದರಂತೆ. “ಇಷ್ಟುದ್ದ ಯಾಕ್ರಿ ಸಾಹೇಬ್ರ?” ಅಂದಳಂತೆ ಇವಳು.

ಘೋಣಸಗಿಯಲ್ಲಿ, ರಾಚವ್ವ ಹುಚ್ಚರ ಕಡೆಯಿಂದ ಪುಕ್ಕಟೆ ಉಣ್ಣೆ ಬಿಡಿಸಿಕೊಂಡು ಬರುತ್ತಾಳೆ ಎಂದು ಆಡಿಕೊಂಡರು. ನೆರೆಮನೆಯ ದುಂಡವ್ವ ಅದನ್ನು ಮುಖದ ಮೇಲೆ ಹೇಳಿದಾಗ, “ಹೌದವಾ, ನೀನೂ ಬಾ, ತಟ್ಟಿನ ಮ್ಯಾಲ ಜಾಗಾ ಐತಿ” ಅಂದಳು. ಒಮ್ಮೆ ಬಸಗೊಂಡಪ್ಪ ಗುಳಿಗೆ ಬಿಟ್ಟು ಎರಡು ವಾರ ಬರಲಿಲ್ಲ. ಇವಳೇ ಹುಡುಕಿಕೊಂಡು ಬಬಲೇಶ್ವರಕ್ಕೆ ಹೋದಳು. ಅವನು ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಬಾಗಿಲ ಹೊರಗೆ ಬೆಲ್ಲದ ಪೆಂಟೆಗಳ ನಡುವೆ ಸಂಜೆಯವರೆಗೆ ಕೂತಳು. ಸಂಜೆಗೆ ಅವನೇ ಚಿಲಕ ತೆಗೆದ. ಮುಂದಿನ ಮಂಗಳವಾರ ಬಂದ. ಇಂಥದ್ದಕ್ಕೆ ಓದು ಬೇಕಾಗಿಲ್ಲ ನಿಜ, ಆದರೆ ಓದಿದವರೂ ಓದದವರೂ ಎಷ್ಟು ಮಂದಿ ಮಾಡುತ್ತೇವೆ?

ಹೀಗೆ ಎರಡು ವರ್ಷ. ಮುಮತಾಜ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಳು, ಬಸಗೊಂಡಪ್ಪ ಅಂಗಡಿಯಲ್ಲಿ ಸಕ್ಕರೆ ತೂಗಿದ. ಎಲ್ಲರೂ ಮಾತಾಡಿದರು, ಅಮಸಿದ್ದನೊಬ್ಬನನ್ನು ಬಿಟ್ಟು. ಅವನು ಎಲ್ಲರಿಗಿಂತ ಚೆನ್ನಾಗಿ ಉಣ್ಣೆ ಬಿಡಿಸಿ, ಎಲ್ಲರದನ್ನೂ ಕೇಳಿ, ಅಕ್ಕನ ಹಿಂದೆ ಬಸ್ಸು ಹತ್ತುತ್ತಿದ್ದ. ಬೇರೆಯವರ ಮಕ್ಕಳ ಬಾಯಿ ಬಿಡಿಸಿದವಳಿಗೆ ತನ್ನ ತಮ್ಮನದು ದಕ್ಕಲಿಲ್ಲ. ಅದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಎಪ್ಪತ್ತೇಳರ ಜೋಳದ ಸುಗ್ಗಿ ಮುಗಿದ ವಾರದಲ್ಲಿ ಅಮೋಘಿ ತೀರಿಕೊಂಡ. ಒಮ್ಮೆ ದೇವರು ನುಡಿಸಿದ ಹುಡುಗ, ಪೂಜಾರಿಕೆಯ ಪಟ್ಟ ಅಮಸಿದ್ದನಿಗೇ ಕಟ್ಟಬೇಕು ಎಂದು ಊರ ಐವರು ಹಿರಿಯರು ನಿಶ್ಚಯಿಸಿದರು. ಯುಗಾದಿ ಅಮಾವಾಸ್ಯೆಗೆ ಮುಹೂರ್ತ. ಆ ಗುಡಿಯ ರೂಢಿ ಏನೆಂದರೆ, ಪಟ್ಟ ಕಟ್ಟಿಸಿಕೊಂಡವನು ದವಾಖಾನೆಯ ಔಷಧ ಮುಟ್ಟುವಂತಿಲ್ಲ. ಧೂಳಪ್ಪ ಹಿಗ್ಗಿನಿಂದ ಒಪ್ಪಿಕೊಂಡು ಬಂದ. ಅಮಸಿದ್ದನಿಗೆ ಹೇಳಿದರೆ ಹೂಂ ಎಂದು ತಲೆ ಆಡಿಸಿದ. ಇಲ್ಲ ಅನ್ನುವುದು ಆ ಹುಡುಗನಿಗೆ ಬರುತ್ತಲೇ ಇರಲಿಲ್ಲ.

“ಯಪ್ಪಾ, ಪಟ್ಟಾ ಕಟ್ಟಿದ್ರ ಗುಳಿಗಿ ಬಂದ್. ಗುಳಿಗಿ ಬಂದ್ ಆದ್ರ ತಮ್ಮ ನಮಗ ಉಳಿಯಂಗಿಲ್ಲ” ಅಂದಳು ರಾಚವ್ವ.

“ಮನಿತನಕ್ಕ ಬಂದ ಭಾಗ್ಯಾ ಒದೀತಿಯೇನ ನೀ?” ಅಂದ ಧೂಳಪ್ಪ.

ಅವಳು ಜಗಳ ಆಡಲಿಲ್ಲ. ಅವನ ಕಾಲ ಹತ್ತಿರ ಕೂತು, “ಒಂದ ಮಂಗಳವಾರ ನನ್ನ ಜೋಡಿ ಬಾ. ಬಂದು ಸುಮ್ಮ ಕುಂದ್ರು. ಆಮ್ಯಾಲ ನೀ ಹೇಳಿದಂಗ” ಅಂದಳು. ಹುಟ್ಟಿದಾಗಿನಿಂದ ಏನೂ ಬೇಡದ ಮಗಳು. ಧೂಳಪ್ಪ ಬಂದ.

ಅಮಾವಾಸ್ಯೆಗೆ ಐದೇ ದಿನ ಉಳಿದಿತ್ತು. ಧೂಳಪ್ಪ ಬಾಗಿಲ ಹತ್ತಿರ ಬಿಗುಮಾನದಿಂದ ಕೂತ. ಆದರೆ ಕುರುಬನ ಮುಂದೆ ಉಣ್ಣೆ ಬಿದ್ದರೆ ಕೈ ಎಷ್ಟು ಹೊತ್ತು ತಡೆದೀತು? ಸ್ವಲ್ಪ ಹೊತ್ತಿಗೆ ಅವನೂ ಒಂದು ಹಿಡಿ ಎಳೆದುಕೊಂಡ. ಅವರಿವರ ಮಾತು ಆದ ಮೇಲೆ ಮುಮತಾಜ ಅಮಸಿದ್ದನ ಕಡೆ ತಿರುಗಿದಳು.

“ಅಣ್ಣಾ, ನಿನಗ ಪಟ್ಟಾ ಕಟ್ಟತಾರಂತ. ನಿನಗ ಅದು ಬೇಕೇನು?”

ಊರೆಲ್ಲ ನಿಶ್ಚಯ ಮಾಡಿತ್ತು, ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅಮಸಿದ್ದನ ಕೈ ನಿಂತವು. ನೆಲ ನೋಡುತ್ತಲೇ ಬಾಯಿ ತೆರೆದ.

“ನನಗ ಮಳಿ ಗಿಳಿ ಏನೂ ಕೇಳಸತಿದ್ದಿಲ್ಲ. ಕೇಳಸೂದು ಬ್ಯಾರೇನ ಇತ್ತು. ನೀ ಹೊಲಸ ಅದಿ, ಬಾವ್ಯಾಗ ಬೀಳು ಅಂತಿತ್ತು. ಈಗ ದನಿ ಸಣ್ಣದ ಆಗೇತಿ. ಆದ್ರ ಐತಿ.”

“ಮತ್ತ ಮಂದಿಗಿ ಹೇಳಿದ್ದು?” ಅಂದ ಧೂಳಪ್ಪ.

“ಅದು ನಾ ಹೇಳಿದ್ದು. ಬಿಸಲಾಗ ನಡಕೋತ ಬಂದಿರತಿದ್ರು, ಕೈ ಮುಗದು ಕುಂತಿರತಿದ್ರು. ಬರಿಗೈಲೆ ಹೆಂಗ ಕಳಸಲಿ ಯಪ್ಪಾ? ಬಾಯಿಗಿ ಬಂದದ್ದು ಹೇಳಿ ಕಳಸತಿದ್ದೆ.” ಆಮೇಲೆ ತಲೆ ಎತ್ತಿ ರಾಚವ್ವನನ್ನು ನೋಡಿದ. “ಯಕ್ಕಾ, ನಿನಗ ಹೇಳಿದ್ದೂ ಹಂಗ. ನೀ ಅಳಾಕತ್ತಿದ್ದಿ. ಅದಕ್ಕ ಹೇಳಿದೆ.”

ಮೂರು ಸುಗ್ಗಿ. ಎಪ್ಪತ್ತೈದರದು, ಎಪ್ಪತ್ತಾರರದು, ಮೊನ್ನೆ ಮುಗಿದದ್ದು. ತಮ್ಮನಿಗೆ ಬಂದದ್ದು ಬೇನೆ ಎಂದು ಬಾಯಲ್ಲಿ ಹೇಳುತ್ತಿದ್ದವಳು, ಅದೊಂದು ಮಾತನ್ನು ಮಾತ್ರ ದೇವರದೆಂದೇ ಎದೆಯಲ್ಲಿ ಇಟ್ಟುಕೊಂಡಿದ್ದಳು. ಪ್ರತಿ ಸುಗ್ಗಿಗೂ ಗಂಡನ ಮನೆಯ ಗೋಡೆ ಸಾರಿಸಿದ್ದಳು, ಕೊಡ ತುಂಬಿಸಿ ಇಟ್ಟಿದ್ದಳು. ಈಗ ಅದು ಕುಸಿಯಿತು. ಇಂಥ ನೋವು ಅವಳಿಗೆ ತಾಯಿ ಸತ್ತಾಗಲೂ ಆಗಿರಲಿಲ್ಲ. ಎದ್ದು ಹೊರಗೆ ಹೋಗಬಹುದಿತ್ತು, ಸುಳ್ಳು ಹೇಳಿದೆಯಾ ಎಂದು ಕೆನ್ನೆಗೆ ಹೊಡೆಯಬಹುದಿತ್ತು. ಡಾಕ್ಟರು ಅವಳ ಮುಖವನ್ನೇ ನೋಡುತ್ತಿದ್ದರು.

ರಾಚವ್ವ ಉಣ್ಣೆಯ ಒಂದು ಮುಳ್ಳು ಕಿತ್ತು ಪಕ್ಕಕ್ಕಿಟ್ಟಳು. “ಮುಂದ ಏನಾತು, ಹೇಳು ತಮ್ಮಾ” ಅಂದಳು.

ಅವನು ಹೇಳಿದ. ಎರಡೂವರೆ ವರ್ಷದ್ದನ್ನೆಲ್ಲ ಹೇಳಿದ. ಕೇಳಿ ಮುಗಿಯುವ ಹೊತ್ತಿಗೆ ಧೂಳಪ್ಪ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. “ಬಾವ್ಯಾಗ ಬೀಳು ಅಂತ ಇನ್ನೊಮ್ಮೆ ಅಂದ್ರ ನನ್ನ ಕರಿ” ಅಂದ. “ನಾ ಎಲ್ಲೇ ಇರಲಿ, ಏನ ಮಾಡಾಕತ್ತಿರಲಿ, ಕರಿ.”

ಅಮಾವಾಸ್ಯೆಯ ಹಿಂದಿನ ದಿನ ಹೊತ್ತು ಏರುವ ಮುಂಚೆ ಐವರು ಹಿರಿಯರು ಹೊಸ ಕಂಬಳಿ, ಭಂಡಾರದ ಚೀಲ ಹಿಡಿದುಕೊಂಡು ಮನೆಗೆ ಬಂದರು. ಧೂಳಪ್ಪ ಮಾತಾಡಲು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಮಸಿದ್ದನೇ ಎದ್ದು ನಿಂತ.

“ನಾ ಒಲ್ಲೆರಿ. ನನಗ ಬ್ಯಾನಿ ಐತಿ, ಗುಳಿಗಿ ತಗೋತೇನಿ. ನೀವ ಬ್ಯಾರೆ ಯಾರನ್ನರೆ ನೋಡ್ರಿ.”

ಹಿರಿಯರು ಧೂಳಪ್ಪನ ಮುಖ ನೋಡಿದರು. ಮಗ ಹೇಳಿದ್ದೇ ತನ್ನ ಮಾತು ಅಂದ ಅವನು. ದೇವರ ತಂದೆ ಅನ್ನಿಸಿಕೊಂಡವನು ಐದು ಮಂದಿಯ ಮುಂದೆ ಬೇನೆಯ ಹುಡುಗನ ತಂದೆಯಾಗಿ ನಿಂತ. ಅದು ಸಣ್ಣ ಕೆಲಸವಲ್ಲ. ಅವರು ಕಂಬಳಿ ಮಡಿಚಿಕೊಂಡು ಹೋದರು.

ರಾಚವ್ವ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಮಸಿದ್ದ ಬಂದು ಅವಳ ಮಗ್ಗುಲಿಗೆ ಕೂತ.

“ಯಕ್ಕಾ, ಮಾವ ಯಾವ ಸುಗ್ಗಿಗೂ ಬರೂದಿಲ್ಲ” ಅಂದ.

“ಹೂಂ. ಬರೂದಿಲ್ಲ” ಅಂದಳು ರಾಚವ್ವ.

ಹಂಚಿನ ಮೇಲಿನ ರೊಟ್ಟಿ ಸೀಯಿತು. ಅವಳು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು, ನಾಲ್ಕು ವರ್ಷದಿಂದ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಅಮಸಿದ್ದ ಸಮಾಧಾನದ ಮಾತು ಒಂದೂ ಆಡಲಿಲ್ಲ. ಅವಳು ಅತ್ತು ಮುಗಿಸುವವರೆಗೂ ಅಲ್ಲಿಂದ ಏಳಲೂ ಇಲ್ಲ.